ಎಡಗಿವಿಯ ಔಷಧಿ

ಅಪ್ಪ ನನ್ನ ಎಡಗಿವಿಗೆ ಔಷಧಿ ಹಾಕಲು ಶುರುಮಾಡಿದ್ದು, ನಂಜನಗೂಡಿನ ಡಾಕ್ಟರು ಏನೂ ಹಾಕಬೇಡಿ ಎಂದು ಹೇಳಿ ಕಳಿಸಿದ ದಿನವೇ.

ಆ ಡಾಕ್ಟರ ಹೆಸರು ಸುಚೇತಾ. ಕಿವಿ, ಮೂಗು, ಗಂಟಲು ನೋಡುವವರು. ಹಣೆಗೆ ಕಟ್ಟಿಕೊಂಡ ಕನ್ನಡಿಯಿಂದ ನನ್ನ ಕಿವಿಯೊಳಕ್ಕೆ ಬೆಳಕು ಬಿಟ್ಟು ನೋಡಿದರು. ಮೂಗು ಹಿಡಿದುಕೊಂಡು ಮೆಲ್ಲಗೆ ಊದಲು ಹೇಳಿದರು. ಊದಿದರೆ ಎಡಗಿವಿಯಿಂದ ಗಾಳಿ ಸುಯ್ಯೆಂದು ಹೊರಗೆ ಹೋಯಿತು. ಅದು ಅವರಿಗೂ ಕೇಳಿಸಿರಬೇಕು.

"ಹೇಗಾಯ್ತು?" ಎಂದರು.

"ಬಚ್ಚಲಲ್ಲಿ ಜಾರ್ಬುಟ್ಲು ಅಮ್ಮೋರೆ," ಅಂದ ಅಪ್ಪ.

ಡಾಕ್ಟರು ಅಪ್ಪನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತಿದ್ದೆ. ಅವರು ಮತ್ತೆ ಕೇಳಲಿಲ್ಲ.

"ಒಳಗಿನ ತಮಟೆ ಹರಿದಿದೆ. ಅದೂ ಚರ್ಮವೇ, ತಾನಾಗಿ ಕೂಡಿಕೊಳ್ಳುತ್ತೆ. ನೀವು ಅದರ ತಂಟೆಗೆ ಹೋಗಬಾರದು, ಅಷ್ಟೇ. ನೀರು ಬೇಡ, ಎಣ್ಣೆ ಬೇಡ, ಡ್ರಾಪ್ಸ್ ಬೇಡ. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಇಟ್ಟುಕೊಳ್ಳಿ. ಮುಂದಿನ ತಿಂಗಳು ತೋರಿಸಿ."

"ಮಾತ್ರೆ?"

"ಬೇಡ ಯಜಮಾನ್ರೆ."

"ಒಂದು ಸೂಜಿನಾದ್ರೂ..."

"ಸೂಜಿ ಯಾಕೆ? ಗಾಯ ಒಣಗೋಕೆ ಬಿಡಿ ಸಾಕು."

ಹೊರಗೆ ಬಂದ ಮೇಲೆ ಅಪ್ಪ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. "ಒಂದು ಚೀಟಿ ಬರೀಲಿಲ್ಲ. ಒಂದು ತೊಟ್ಟು ಔಷ್ದಿ ಇಲ್ಲ. ಒಣಗಕ್ಕೆ ಬುಡಿ ಅಂತ ಏಳಕ್ಕೆ ನಮ್ಮೂರ ಜವರಮ್ಮ ಸಾಲ್ದಾ? ಇದ್ಯಾವ ಸೀಮೆ ಡಾಕ್ಟ್ರು?"

ನಮ್ಮ ಊರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇದೆ. ನರಸೀಪುರದ ಬಸ್ಸು ನಮ್ಮೂರ ಗೇಟಿನಲ್ಲಿ ನಿಂತಾಗ ನಾನು ಎದ್ದೆ, ಅಪ್ಪ ಏಳಲಿಲ್ಲ. ನೇರ ನರಸೀಪುರಕ್ಕೆ ಕರೆದುಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತ.

"ಕಿವಿಗೆ ಔಷ್ದಿ ಕೊಡಪ್ಪ."

"ನೋವಾ, ಸೋರ್ತದಾ, ಗುಗ್ಗೆ ಕಟ್ಟಿದ್ಯಾ?" ಅಂದ ಅಂಗಡಿಯವನು.

"ಎಲ್ಲಕ್ಕೂ ಆಗೋದು ಕೊಡು."

ಅವನು ನಕ್ಕು, ಬೆರಳುದ್ದದ ಒಂದು ಬಿಳಿ ಶೀಷೆ ಕೊಟ್ಟ. ಅಪ್ಪ ಅದನ್ನು ಶರಟಿನ ಒಳಜೇಬಿನಲ್ಲಿ, ಕೊರಳಿನ ಲಿಂಗದ ಕರಡಿಗೆಯ ಪಕ್ಕದಲ್ಲಿ ಇಟ್ಟುಕೊಂಡ. ಬಸ್ಸಿನಲ್ಲಿ ಬರುವಾಗ ಎರಡು ಮೂರು ಸಲ ಜೇಬು ಮುಟ್ಟಿ ನೋಡಿಕೊಂಡ. ಎಷ್ಟೋ ದಿನದ ಮೇಲೆ ಅವನ ಮುಖ ಸ್ವಲ್ಪ ಸಡಿಲವಾಗಿದ್ದು ಕಂಡಿತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಬಚ್ಚಲಲ್ಲಿ ನಾನು ಜಾರಿರಲಿಲ್ಲ. ಹೊಡೆದದ್ದು ಅಪ್ಪ.

ನಾವು ರೇಷ್ಮೆ ಹುಳು ಮೇಯಿಸುವವರು. ಏಳನೇ ಕ್ಲಾಸು ಮುಗಿದ ಮೇಲೆ ನಾನು ಸ್ಕೂಲು ಬಿಟ್ಟಿದ್ದೂ ಹುಳುಮನೆಯ ಕೆಲಸಕ್ಕೇ. ಹುಳು ಮೇಯಿಸುವ ಮನೆಯಲ್ಲಿ ಕಟ್ಟುಗಳು ಬಹಳ. ಕಾಲು ತೊಳೆಯದೆ ಒಳಗೆ ಹೋಗಬಾರದು, ಒಗ್ಗರಣೆಯ ವಾಸನೆ ತಾಗಬಾರದು, ಬೀಡಿ ಸೇದಿದವರು ಬರಬಾರದು. ಇನ್ನೊಂದು ಕಟ್ಟು ಹೆಂಗಸರದು. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ತಿಂಗಳ ದಿನಗಳಲ್ಲಿ ಯಾರೂ ಮೂಲೆಯಲ್ಲಿ ಕೂರುವುದಿಲ್ಲ. ಅಡುಗೆ ಮಾಡುತ್ತೇವೆ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೂ ಕೂರುತ್ತೇವೆ. ಆದರೆ ಹುಳುಮನೆಯ ಹೊಸಿಲು ಮಾತ್ರ ದಾಟುವುದಿಲ್ಲ. ದೇವರಿಗಿಲ್ಲದ ಮೈಲಿಗೆ ಹುಳುವಿಗೆ ಯಾಕೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಆ ದಿನ ಬಂದಾಗ ಅವ್ವನಿಗೆ ಕಣ್ಣಲ್ಲೇ ಹೇಳುತ್ತಿದ್ದೆ, ಅವಳು ಸೊಪ್ಪಿನ ಕುಕ್ಕೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಅಪ್ಪನಿಗೆ ಅದೆಲ್ಲ ತಿಳಿಯದ ಹಾಗೆ ನಡೆದುಹೋಗುತ್ತಿತ್ತು.

ಆ ಸಲ ಅವ್ವ ಊರಲ್ಲಿರಲಿಲ್ಲ. ಕಳಲೆಯಲ್ಲಿ ನಮ್ಮ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾಗಿತ್ತು, ಅಲ್ಲಿಗೆ ಹೋಗಿದ್ದಳು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಗಬಗಬ ಮೇಯುತ್ತಿದ್ದ ಕಾಲ. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು. ಒಂದು ಬೆಳಿಗ್ಗೆ ನಾನು ಸೊಪ್ಪು ಹಾಕಲು ಹೋದರೆ ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಬಾಯಲ್ಲಿ ಹಸಿರು ನೀರು. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ಮುದುಡಿಹೋಗಿದ್ದವು.

ಸೊಪ್ಪು ಕುಯ್ಯಲು ಬರುತ್ತಿದ್ದ ಜವರಮ್ಮ ಮತ್ತೆ ಅವಳ ಜೊತೆಯವರು ಬಾಗಿಲಲ್ಲಿ ನಿಂತು ನೋಡಿದರು. ಬೀದಿಯ ಗಂಡಸರೂ ಬಂದರು. ಅಪ್ಪ ಒಂದೊಂದೇ ತಟ್ಟೆ ಎಳೆದು ನೋಡುತ್ತಿದ್ದ.

ಜವರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಂದಳು: "ಒರಗಾದೋರು ಯಾರಾರ ಒಳೀಕ್ ಬಂದಿದ್ರಾ ಅಂತ? ಇಲ್ದಿದ್ರೆ ಇಂಗಾಗಾಕಿಲ್ವಲ್ಲ."

ಮನೆಯಲ್ಲಿದ್ದ ಹೆಂಗಸು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು. ಆ ತಿಂಗಳ ದಿನಗಳು ಕಳೆದು ನಾನು ಮಿಂದು ವಾರದ ಮೇಲಾಗಿತ್ತು. ಇಲ್ಲ ಎಂಬ ಎರಡಕ್ಷರ ಹೇಳಿದ್ದರೆ ಸಾಕಿತ್ತು. ಆದರೆ ಎದುರಿಗೆ ಗಂಡಸರು, ಅವರ ಮುಂದೆ ಅಪ್ಪ. ಆ ವಿಷಯಕ್ಕೆ ಇಲ್ಲ ಅನ್ನುವುದೂ ಅದರ ಮಾತಾಡಿದ ಹಾಗೆಯೇ. ಮುಖ ಬಿಸಿಯಾಯಿತು, ತಲೆ ತಗ್ಗಿಸಿದೆ. ಅದನ್ನೇ ಅಪ್ಪ ಒಪ್ಪಿಗೆ ಎಂದುಕೊಂಡ.

ಏಟು ಬಿದ್ದದ್ದು ಗೊತ್ತಾಗಲಿಲ್ಲ. ಕಿವಿಯೊಳಗೆ ತೆಳ್ಳಗಿನದೇನೋ ಪಟ್ಟೆಂದಿತು, ಆಮೇಲೆ ಎಲ್ಲರ ಮಾತೂ ಗೋಡೆಯ ಆಚೆಯಿಂದ ಬಂದ ಹಾಗೆ ಕೇಳಿಸಿತು. ಕಿವಿಯಿಂದ ಒಂದು ಹನಿ ರಕ್ತ ದಾವಣಿಯ ಮೇಲೆ ಬಿತ್ತು. ನನಗೆ ನೋವಿಗಿಂತ ಹೆಚ್ಚಾಗಿ, ಆ ರಕ್ತವನ್ನು ಅವರೆಲ್ಲ ಬೇರೆ ಎಂದುಕೊಳ್ಳುತ್ತಾರೇನೋ ಎಂಬ ನಾಚಿಕೆಯೇ ಆಯಿತು. ದಾವಣಿ ಮುದುರಿಕೊಂಡು ಅಡುಗೆಮನೆಗೆ ಓಡಿದೆ.

ಸಂಜೆ ಪಕ್ಕದ ಹೊಲದ ದೊಡ್ಡಸಿದ್ದಯ್ಯ ಬಂದ. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ.

"ಶಿವಮಲ್ಲಪ್ಪನೋರೆ, ಉಳ ಓಯ್ತಂತಲ್ಲ?" ಎಂದವನು ಮತ್ತೆ ಕೇಳಿದ: "ನಿನ್ನೆ ನಮ್ ಪಂಪ್‌ಸೆಟ್ ಮನೆಯಿಂದ ಒಂದು ಗೋಣಿ ಈಸ್ಕಂಡ್ರಲ್ಲ, ಅದ್ನ ಸೊಪ್ಪಿನ ಮೇಕ್ ಮುಚ್ಚಿಲ್ಲ ತಾನೆ?"

"ಯಾಕೆ?"

"ಬದ್ನೆಕಾಯ್ಗೆ ಔಷ್ದಿ ಒಡ್ದಿದ್ನಲ್ಲ. ಕ್ಯಾನು ಅದ್ರಲ್ಲೇ ಒರ್ಸಿ ಬಿಸಾಕಿದ್ದೆ."

ಸೊಪ್ಪು ಬಾಡದಿರಲೆಂದು ಅದರ ಮೇಲೆ ಒದ್ದೆ ಗೋಣಿ ಹೊದಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಆ ಗೋಣಿಯನ್ನು ನೀರಲ್ಲಿ ಅದ್ದಿ ಹೊದಿಸಿದವನು ಅಪ್ಪನೇ. ಅವನು ಒಳಗೆ ಹೋಗಿ ಗೋಣಿ ತಂದ. ಮೂಗಿನ ಹತ್ತಿರ ಹಿಡಿದ. ದೊಡ್ಡಸಿದ್ದಯ್ಯ ಹೋದ ಮೇಲೆ ಹಿತ್ತಲಿಗೆ ಒಯ್ದು ಸೀಮೆಎಣ್ಣೆ ಸುರಿದು ಸುಟ್ಟ. ಸುಡುವಾಗ ಒಮ್ಮೆ ಕಿಟಕಿಯ ಕಡೆ ನೋಡಿದ. ನಾನು ಹಿಂದಕ್ಕೆ ಸರಿದೆ. ನೋಡಿದೆನೆಂದು ಅವನಿಗೆ ಗೊತ್ತಾಯಿತೋ ಇಲ್ಲವೋ.

ಅವ್ವ ಬಂದ ಮೇಲೆ ಒಳಕೋಣೆಯಲ್ಲಿ ಅಪ್ಪನ ಜೊತೆ ಜಗಳವಾಡಿದಳು. "ಅವ್ಳು ಮಿಂದು ಯಾವ ಕಾಲಾಗಿತ್ತು! ನನ್ನ ಒಂದ್ ಮಾತ್ ಕೇಳಬಾರ್ದಿತ್ತಾ? ಆ ಜವರಮ್ಮನ ಬಾಯಿ ನಿಮ್ಗೆ ವೇದವಾಕ್ಯನಾ?" ಅಪ್ಪ ಎದ್ದು ಹೊರಗೆ ಹೋದ.

ಮಗಳ ಮುಟ್ಟಿನ ವಿಷಯವನ್ನು ಊರ ಮುಂದೆ ಎತ್ತಿ ಹೊಡೆದಿದ್ದ. ತಪ್ಪಾಯಿತು ಅನ್ನಬೇಕಾದರೆ ಆ ವಿಷಯವನ್ನೇ ಮತ್ತೆ ಬಾಯಿಗೆ ತರಬೇಕು. ಅಪ್ಪನಿಂದ ಅದು ಹೇಗಾದೀತು? ನನ್ನಿಂದ ತಾನೇ ಹೇಗಾದೀತು? ಹೀಗೆ ನಾವಿಬ್ಬರೂ ಒಂದೇ ಮನೆಯಲ್ಲಿ, ಒಬ್ಬರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗುತ್ತ ಇದ್ದೆವು. ಕಿವಿ ಸರಿಯಾಗಲಿಲ್ಲವೆಂದು ಅವ್ವ ಹಟ ಹಿಡಿದ ಮೇಲೆಯೇ ನನ್ನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿದ್ದು.

ನರಸೀಪುರದ ಶೀಷೆ ಬಂದ ಮೇಲೆ ಹೊಸದೊಂದು ಶುರುವಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಪ್ಪ ಪಡಸಾಲೆಯಿಂದ ಕರೆಯುತ್ತಿದ್ದ.

"ದಾಕ್ಷಿ, ಬಾರವ್ವ."

ನಾನು ಚಾಪೆಯ ಮೇಲೆ ಎಡಗಿವಿ ಮೇಲಾಗಿ ಮಲಗುತ್ತಿದ್ದೆ. ಅವನು ಕುಕ್ಕರುಗಾಲಲ್ಲಿ ಕೂತು, ಶೀಷೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದ. ತಣ್ಣಗಿದ್ದರೆ ತಲೆ ತಿರುಗುತ್ತದೆ ಎಂದು ಮೆಡಿಕಲ್ ಸ್ಟೋರಿನವನು ಹೇಳಿದ್ದನಂತೆ. ಹೊಡೆದ ಕೈಯೂ ಅದೇ. ಆ ಕೈ ಈಗ ಹನಿ ಕಿವಿಯ ಹೊರಗೆ ಬೀಳದ ಹಾಗೆ ಎಷ್ಟು ಜೋಪಾನ ಮಾಡುತ್ತಿತ್ತೆಂದರೆ, ನನಗೆ ಕಣ್ಣು ಮುಚ್ಚಿಕೊಳ್ಳಬೇಕಾಗುತ್ತಿತ್ತು.

"ಉರೀತದಾ?"

"ಇಲ್ಲ."

ಉರಿಯುತ್ತಿತ್ತು. ಹನಿ ಒಳಗೆ ಇಳಿದು, ಹರಿದ ತಮಟೆಯ ತೂತಿನಿಂದ ಹಾದು ಗಂಟಲಿಗೇ ಬರುತ್ತಿತ್ತು. ಕಹಿ. ಕಿವಿಗೆ ಹಾಕಿದ್ದು ನಾಲಿಗೆಗೆ ಬರುತ್ತದೆ ಎಂದರೆ ಅದು ಹೋಗಬಾರದ ಕಡೆ ಹೋಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಆದರೂ ಮುಖ ಬದಲಾಗದಂತೆ ನುಂಗುತ್ತಿದ್ದೆ.

"ಅಂಗೇ ಮಲ್ಕೋ. ಈಗ್ಲೇ ಏಳ್ಬೇಡ," ಎನ್ನುತ್ತಿದ್ದ ಅಪ್ಪ. ನಾನು ಮಲಗಿರುವಷ್ಟು ಹೊತ್ತು ಎದ್ದು ಹೋಗುತ್ತಿರಲಿಲ್ಲ. ಕರು ಹಗ್ಗ ಕಿತ್ತುಕೊಂಡದ್ದು, ಬನ್ನೂರಿನ ಕಡೆ ಕಬ್ಬು ಕಡಿಯಲು ಆಳು ಸಿಗದಿರುವುದು, ಕಾಲುವೆಯಲ್ಲಿ ನೀರು ಯಾವಾಗ ಬಿಡುತ್ತಾರೋ ಎಂಬುದು, ಹೀಗೆ ಏನಾದರೊಂದು ಹೇಳುತ್ತಿದ್ದ. ಹೇಳುವಾಗ ನೆಲದವರೆಗೂ ಬಗ್ಗಿ, ಚಾಪೆಗೆ ತಾಗಿದ್ದ ನನ್ನ ಒಳ್ಳೆಯ ಕಿವಿಗೆ ಕೇಳುವ ಹಾಗೆ ಹೇಳುತ್ತಿದ್ದ. ಅಪ್ಪ ನನ್ನ ಹತ್ತಿರ ಅಷ್ಟು ಮಾತಾಡಿದ್ದು ನಾನು ದೊಡ್ಡವಳಾದ ಮೇಲೆ ಅದೇ ಮೊದಲು. ಆ ಮಾತಿನಲ್ಲಿ ಹುಳುವಿನ ಸುದ್ದಿ ಒಂದು ಮಾತ್ರ ಬರುತ್ತಿರಲಿಲ್ಲ. ಔಷಧಿ ಬೇಡ ಅಂದರೆ ಇದೂ ಬೇಡ ಅಂದ ಹಾಗೆ. ನನಗೆ ಕಿವಿಯೂ ಬೇಕಿತ್ತು, ಇದೂ ಬೇಕಿತ್ತು.

ಕಿವಿ ಕೂಡಿಕೊಳ್ಳಲಿಲ್ಲ. ಮೊದಲು ಒಳಗೆ ಕಡಿತ ಶುರುವಾಯಿತು. ಆಮೇಲೆ ಒದ್ದೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಕಲೆ, ಹಳೆಯ ಗೋಡೆಯಂಥ ವಾಸನೆ. ಜನರ ಪಕ್ಕದಲ್ಲಿ ಕೂರಲು ನಾಚಿಕೆಯಾಗಿ, ನಲ್ಲಿಯ ಹತ್ತಿರವೂ ಎಲ್ಲರೂ ಹೋದ ಮೇಲೆ ಹೋಗುತ್ತಿದ್ದೆ. ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ಅಪ್ಪ ನರಸೀಪುರಕ್ಕೆ ಹೋಗಿ ಇನ್ನೊಂದು ಶೀಷೆ ತಂದ. "ಇದು ಜೋರಂತೆ. ಸೋರೋದ ನಿಲ್ಸ್‌ಬುಡ್ತದಂತೆ," ಅಂದ. ಆ ದಿನ ಇನ್ನೂ ಒಂದೆರಡು ಹನಿ ಹೆಚ್ಚೇ ಹಾಕಿದ.

ದಿಂಬು ನೋಡಿದ ಅವ್ವ, ಅಪ್ಪ ಹೊಲಕ್ಕೆ ಹೋಗಿದ್ದಾಗ ನನ್ನನ್ನು ನಂಜನಗೂಡಿಗೆ ಕರೆದುಕೊಂಡು ಹೊರಟಳು. ಹೊರಡುವಾಗ ಎರಡು ಶೀಷೆಗಳನ್ನೂ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು.

ಡಾಕ್ಟರು ಕಿವಿಯೊಳಗೆ ನೋಡಿ ಉಸಿರು ಬಿಟ್ಟರು. "ಬೂಷ್ಟು ಬಂದಿದೆ ಇಲ್ಲಿ. ರೊಟ್ಟಿ ಒದ್ದೆಯಾಗಿ ಇಟ್ಟರೆ ಬರುತ್ತಲ್ಲ, ಹಾಗೆ. ಏನು ಹಾಕಿದ್ರಿ?"

ಅವ್ವ ಸೆರಗು ಬಿಚ್ಚಿ ಶೀಷೆಗಳನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಒಂದನ್ನು ಕಣ್ಣ ಹತ್ತಿರ ಹಿಡಿದು ಓದಿದರು.

"ಔಷಧಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕೀವಿರೋ ಕಿವಿಗೆ ಡ್ರಾಪ್ಸ್ ಬೇಕಾಗುತ್ತೆ, ಅದಕ್ಕೂ ನಾವು ನೋಡಿ ಬೇರೆ ಬರೀತೀವಿ. ನಿಮ್ಮ ಮಗಳದು ಒಣ ಕಿವಿ. ಅದನ್ನ ದಿನಾ ಒದ್ದೆ ಮಾಡಿ ಇಟ್ಟಿದ್ದೀರಿ. ತಮಟೆ ಅಂಚಿಂದ ಕೂಡಿಕೊಂಡು ಬರಬೇಕು, ಒದ್ದೆ ಅದನ್ನ ಬಿಡ್ತಾ ಇಲ್ಲ. ಇಷ್ಟು ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಮುಚ್ಚಿರಬೇಕಿತ್ತು. ಇನ್ನೊಂದು ವಿಷಯ. ಇದರಲ್ಲಿರೋ ಮದ್ದು ತೂತಿಂದ ಒಳಗಿಳಿದ್ರೆ ಕೇಳಿಸೋ ನರಕ್ಕೇ ಪೆಟ್ಟಾಗಬಹುದು. ತಮಟೆನ ಮೈಸೂರಲ್ಲಿ ಆಪರೇಷನ್ ಮಾಡಿ ಹಾಕಿಸಬಹುದು. ನರ ಹೋದರೆ ಯಾರೂ ಹಾಕಿಕೊಡೋಕೆ ಆಗಲ್ಲ."

ಅವ್ವನ ಕೈ ನನ್ನ ಮೊಣಕೈ ಹಿಡಿಯಿತು.

"ಯಾರು ಹಾಕ್ತಿದ್ದಿದ್ದು?"

"ನಾನೇ," ಅಂದೆ.

"ಅಲ್ಲಮ್ಮ, ಬೇಡ ಅಂತ ಅಷ್ಟು ಹೇಳಿದ್ದೆನಲ್ಲ. ಬುದ್ಧಿ ಬೇಡ್ವಾ?" ಎಂದು ಬೈದು, ಸಣ್ಣ ಕಡ್ಡಿಗೆ ಹತ್ತಿ ಸುತ್ತಿ ಸುಮಾರು ಹೊತ್ತು ಕಿವಿ ಸ್ವಚ್ಛ ಮಾಡಿದರು. ಕಪ್ಪು ಚುಕ್ಕಿಯ ಬಿಳಿ ಬೂಷ್ಟು ಹತ್ತಿಯಲ್ಲಿ ಬಂತು. ಇನ್ನೊಮ್ಮೆ ಬೈಸಿಕೊಂಡರೂ ಪರವಾಗಿಲ್ಲ, ಅದನ್ನು ಅವರು ನನಗೆ ತೋರಿಸಬಾರದಿತ್ತು ಅನ್ನಿಸಿತು. ಇನ್ನು ಒಣಗಿಸಿಯೇ ಇಟ್ಟು ಎರಡು ತಿಂಗಳ ಮೇಲೆ ಬರಲು ಹೇಳಿದರು.

ಬಸ್ಸಿನಲ್ಲಿ ಅವ್ವ ಕೇಳಿದಳು: "ನಾನ್ ಹೇಳ್ಲಾ ನಿಮ್ಮಪ್ಪಂಗೆ?"

"ಬೇಡವ್ವ."

"ಮತ್ತೆ ನೀನ್ ಹೇಳ್ತೀಯಾ?"

ನಾನು ಕಿಟಕಿಯ ಆಚೆ ನೋಡಿದೆ.

"ನಿಂಗೆ ಆ ಕಿವಿ ಬೇಕೋ ಬೇಡ್ವೋ? ಅವರು ನೊಂದ್ಕೊಂತಾರೆ ಅಂತ ನೀನು ಕಿವುಡಿ ಆಗ್ತೀಯಾ?" ಎಂದಳು. ಆಮೇಲೆ ತಾನೇ ಮೆತ್ತಗಾಗಿ, "ನಂಗೂ ಗೊತ್ತು ಕಣೆ. ಅದೊಂದ್ ಹೊತ್ತು ಅವರು ಮನುಷ್ಯರಂಗೆ ಇರ್ತಾರೆ," ಎಂದಳು. ಮನೆಗೆ ಹೋಗಿ ಶೀಷೆಗಳನ್ನು ಇದ್ದ ಗೂಡಿನಲ್ಲೇ ಇಟ್ಟಳು.

ಹೇಳಲು ನನಗಾಗಲಿಲ್ಲ. ಬದಲಿಗೆ ಒಂದು ಕಳ್ಳಬುದ್ಧಿ ಮಾಡಿದೆ. ಬೆಳಿಗ್ಗೆ ಅಪ್ಪ ಪೂಜೆಗೆ ಕೂತಾಗ, ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಒಳಕ್ಕೆ ಕಾಣದ ಹಾಗೆ ತುರುಕಿಕೊಳ್ಳುತ್ತಿದ್ದೆ. ಹನಿ ಅದರ ಮೇಲೆ ನಿಲ್ಲುತ್ತಿತ್ತು. ಕಹಿ ಬರುತ್ತಿರಲಿಲ್ಲ. ಅಪ್ಪ ಹೋದ ಮೇಲೆ ತಲೆ ವಾಲಿಸಿ ಎಲ್ಲವನ್ನೂ ಹಿತ್ತಲಲ್ಲಿ ಚೆಲ್ಲುತ್ತಿದ್ದೆ. ಕೆಳಗೆ ಒಣಮಣ್ಣಿನಲ್ಲಿ ಅದು ಇಂಗುವುದನ್ನು ನೋಡಿದಾಗ, ಅಪ್ಪ ಹೊಟ್ಟೆ ತುಂಬಲೆಂದು ಬಡಿಸಿದ ಅನ್ನವನ್ನು ಕದ್ದು ಚೆಲ್ಲಿದ ಹಾಗಾಗುತ್ತಿತ್ತು. ಅವನು ಅಂಥ ನಂಬಿಕೆಯಿಂದ ಕೇಳುತ್ತಿದ್ದ, "ಈಗ ವಸಿ ವಾಸಿನಾ?" ಅಂತ. ನಾನು "ಹೂಂ" ಅನ್ನುತ್ತಿದ್ದೆ.

ಒಂದು ದಿನ ಹತ್ತಿ ಸರಿಯಾಗಿ ಒಳಗೆ ಕೂರಲಿಲ್ಲ. ಮೊದಲ ಹನಿಗೇ ಕಿವಿ ತುಂಬಿ, ಔಷಧಿ ಕೆನ್ನೆಯ ಮೇಲೆ ಹರಿದು ತುಟಿಯ ಹತ್ತಿರ ಬಂತು. ಅಪ್ಪ ಪಂಚೆಯ ತುದಿಯಿಂದ ಒರೆಸಿದ. ಮತ್ತೆ ಬಗ್ಗಿ ನೋಡಿದ. ಅವನ ಉಸಿರು ಕೆನ್ನೆಗೆ ತಾಗಿತು. ಎರಡು ಬೆರಳು ಕಿವಿಯೊಳಕ್ಕೆ ಬಂದು ಹತ್ತಿಯ ತುದಿ ಹಿಡಿದು ಎಳೆದವು.

ಅಪ್ಪ ಆ ಹತ್ತಿಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿದ.

"ಏನವ್ವಾ ಇದು?"

ನಾನು ಎದ್ದು ಕೂತೆ. ಆವತ್ತು ಹುಳುಮನೆಯ ಬಾಗಿಲಲ್ಲಿ ಆದ ಹಾಗೆಯೇ ನನ್ನ ಮುಖ ಬಿಸಿಯಾಯಿತು, ತಲೆ ತಾನಾಗಿ ತಗ್ಗಿತು. ಸುಮ್ಮನಿದ್ದರೆ ಆವತ್ತಿನಂತೆಯೇ ಇವತ್ತೂ ಏನೋ ಒಂದು ತಿಳಿದುಕೊಳ್ಳುತ್ತಾನೆ ಅನ್ನಿಸಿತು. ನನಗೆ ಔಷಧಿಯ ಮೇಲಲ್ಲ, ಅವನ ಕೈಯ ಮೇಲೆ ಅಸಹ್ಯ ಎಂದುಕೊಳ್ಳುತ್ತಾನೆ. ಅದನ್ನು ತಡೆಯಲಿಕ್ಕಾದರೂ ಬಾಯಿ ಬಿಡಬೇಕಾಯಿತು.

"ಡಾಕ್ಟ್ರಮ್ಮ ಬೇಡ ಅಂದವ್ರೆ ಅಪ್ಪ."

"ಆ ಡಾಕ್ಟ್ರಮ್ಮಂಗೇನ್ ಗೊತ್ತು? ಒಂದ್ ಚೀಟಿ ಬರ್ಯಕ್ ಬರಾಕಿಲ್ಲ."

"ಅವ್ವನ ಜೊತೆ ಮತ್ತೆ ಹೋಗಿದ್ದೆ. ಒಳಗೆ ಬೂಷ್ಟು ಬಂದಿತ್ತು. ಒದ್ದೆ ಮಾಡಿ ಮಾಡಿ ಬಂದದ್ದಂತೆ. ಏನೂ ಹಾಕ್ದೆ ಇದ್ದಿದ್ರೆ ಇಷ್ಟೊತ್ಗೆ ಅರ್ಧಕ್ಕಿಂತ ಜಾಸ್ತಿ ಮುಚ್ಚಿರೋದಂತೆ." ಅಷ್ಟು ಉದ್ದದ ಮಾತು ಅಪ್ಪನ ಎದುರಿಗೆ ನಾನು ಆಡಿದ್ದೇ ಇಲ್ಲ. "ಇದು ಗಂಟ್ಲಿಗೆ ಬತ್ತದೆ ಅಪ್ಪ. ಕಹಿ. ಒಳಗಿನ ನರಕ್ಕೂ ಏಟಾಗ್ಬೋದಂತೆ."

"ಮೊದ್ಲಿಂದ್ಲೂ ಗಂಟ್ಲಿಗೆ ಬತ್ತಿತ್ತಾ?"

"ಹೂಂ."

"ಉರೀತಿತ್ತಾ?"

ನಾನು ಚಾಪೆಯ ಎಳೆ ಕೀಳುತ್ತ ಕೂತೆ. ಅಪ್ಪ ಮುಷ್ಟಿ ಬಿಚ್ಚಿ ಶೀಷೆ ನೋಡಿದ. ಅದರ ಮುಚ್ಚಳ ಹಾಕಲು ಹೋದ, ಕೂರಲಿಲ್ಲ, ಮತ್ತೆ ಹಾಕಿದ.

"ಅಂಗಾದ್ರೆ ನಾನೇನ್ ಮಾಡ್ಲಿ?" ಅಂದ. ಕೋಪದಿಂದಲ್ಲ. ದಾರಿ ತಪ್ಪಿದವರು ಕೇಳುವ ಹಾಗೆ.

"ಏನೂ ಮಾಡ್ಬೇಡಪ್ಪ."

"ಏನೂ ಮಾಡ್ದೆ ಎಂಗಿರೋದು?"

ಅಡುಗೆಮನೆಯಲ್ಲಿ ಅವ್ವ ಒಲೆ ಊದುವುದನ್ನು ನಿಲ್ಲಿಸಿದ್ದಳು. ಅಪ್ಪ ಎದ್ದು, ಎರಡೂ ಶೀಷೆ ತೆಗೆದುಕೊಂಡು ಹೊಲದ ಕಡೆ ಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಪಡಸಾಲೆಗೆ ಬಂದು ಚಾಪೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಕರೆಯಲಿಲ್ಲ. ನಾನ್ಯಾಕೆ ಹೋದೆನೋ, ಹೋಗಿ ಎದುರಿಗೆ ಕೂತೆ. ಅವನ ಕೈಯಲ್ಲಿ ಏನೂ ಇರಲಿಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟ, ತೆಗೆದ. ಕರುವಿನ ಸುದ್ದಿ ಶುರುಮಾಡಿದ, ಅದು ನಡುವೆಯೇ ನಿಂತಿತು. ಕೆಲವು ದಿನ ಹೀಗೆ ಬಂದು ಕೂತ. ಆಮೇಲೆ ಬರುವುದನ್ನು ಬಿಟ್ಟ. ಪೂಜೆ ಮುಗಿಸಿ ನೇರ ಹೊಲಕ್ಕೆ ಹೋಗಿಬಿಡುತ್ತಿದ್ದ. ಅದನ್ನು ನಾನೇ ಕೇಳಿ ಪಡೆದ ಹಾಗಾಯಿತು.

ಕಿವಿ ಮಾತ್ರ ಒಣಗುತ್ತ ಬಂತು. ಕಡಿತ ನಿಂತಿತು, ದಿಂಬಿನ ಕಲೆ ನಿಂತಿತು. ಮತ್ತೊಂದು ಬೆಳೆಗೆ ಹುಳು ತಂದೆವು. ದೊಡ್ಡಸಿದ್ದಯ್ಯನಿಂದ ತಿಳಿದ ಗೋಣಿಯ ವಿಷಯವನ್ನು ಅವ್ವನೇ ಜವರಮ್ಮನಿಗೆ ಮುಖಕ್ಕೆ ಹೇಳಿದಳಂತೆ. ಸೊಪ್ಪು ಕುಯ್ಯಲು ಬಂದ ದಿನ ಜವರಮ್ಮ ನನ್ನನ್ನು ತಡೆದು, "ನಂಗೇನ್ ಕನಸ್ ಬಿದ್ದಿತ್ತವ್ವ? ಮಾತ್ಗೆ ಕೇಳ್ದೆ. ಕೈಯೆತ್ತು ಅಂತ ನಾನೇನಾರ ಅಂದ್ನಾ? ಒಡ್ದೋನು ನಿಮ್ಮಪ್ಪ," ಎಂದಳು. ಅವಳ ಮಾತೂ ಸುಳ್ಳಲ್ಲ. ಅಪ್ಪ ಅಲ್ಲೇ ಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಲಿಲ್ಲ. ಜವರಮ್ಮ ನಗಾಡುತ್ತ ಕುಕ್ಕೆ ಎತ್ತಿಕೊಂಡು ಹೋದಳು. ಅವಳ ಎದುರಿಗೆ ಅಪ್ಪ ಅಷ್ಟು ಕುಗ್ಗಿ ಕೂತದ್ದು ನನಗೆ ಏಟಿಗಿಂತ ಹೆಚ್ಚು ನಾಚಿಕೆ ತಂದಿತು.

ಡಾಕ್ಟರು ಹೇಳಿದ ವಾಯಿದೆ ಬಂದಾಗ, "ನಾನೇ ಕರ್ಕೊಂಡೋಯ್ತೀನಿ," ಎಂದು ಅಪ್ಪ ಅವ್ವನಿಗೆ ಹೇಳಿದ. ಆಸ್ಪತ್ರೆಯಲ್ಲಿ ಒಳಗೂ ಬರಲಿಲ್ಲ. "ನೀನೇ ಓಗ್ಬಾ," ಎಂದು ಬೆಂಚಿನ ಮೇಲೆ ಕೂತ. ಡಾಕ್ಟರಮ್ಮನ ಮುಖ ನೋಡಲು ಅವನಿಗೆ ಧೈರ್ಯ ಬಂದಿರಲಿಕ್ಕಿಲ್ಲ.

ಸುಚೇತಾ ಮೇಡಂ ಬೆಳಕು ಬಿಟ್ಟು ನೋಡಿದರು. ಮೂಗು ಹಿಡಿದು ಊದಿಸಿದರು. ಗಾಳಿ ಹೋಗಲಿಲ್ಲ. ಕವಲಿನಂಥ ಒಂದು ಕಬ್ಬಿಣವನ್ನು ಮೊಣಕೈಗೆ ಬಡಿದು ಕಿವಿಯ ಹತ್ತಿರ ಹಿಡಿದರು. ಕೇಳಿಸಿತು, ದೂರದ ದುಂಬಿಯ ಹಾಗೆ.

"ಕೂಡಿಕೊಂಡಿದೆ ನೋಡಿ. ತೆಳ್ಳಗಿದೆ, ಗಟ್ಟಿಯಾಗೋಕೆ ಇನ್ನೂ ಸಮಯ ಬೇಕು. ನರಕ್ಕೆ ಏನೂ ಆಗಿಲ್ಲ, ನಿಮ್ಮ ಪುಣ್ಯ. ಸದ್ಯ ಹೊಳೆಯಲ್ಲಿ ಮುಳುಗಬೇಡಿ. ಮತ್ತೆ ಏನಾದರೂ ಹಾಕಿದ್ರೋ, ಇಲ್ಲಿಗೆ ಬರಬೇಡಿ," ಎಂದು ನಕ್ಕರು.

ಹೊರಗೆ ಬಂದಾಗ ಅಪ್ಪ ಎದ್ದು ನಿಂತ. ಏನಂದರು ಎಂದು ಕೇಳಲಿಲ್ಲ. ಕೇಳಿದರೆ ಹೇಳೋಣ ಎಂದುಕೊಂಡು ನಾನೂ ಸುಮ್ಮನೆ ಹಿಂದೆ ನಡೆದೆ. ತಾನಾಗಿಯೇ ಹೇಳಿದರೆ, ನೋಡು ನೀನು ಹಾಕದೆ ಇದ್ದದ್ದಕ್ಕೆ ಸರಿಹೋಯಿತು ಎಂದು ಚುಚ್ಚಿದ ಹಾಗಾಗುತ್ತದೇನೋ ಎಂದು ಹೆದರಿಕೆ.

ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಕಲ್ಲುಬೆಂಚಿನ ಮೇಲೆ ಕೂತೆ. ಅಪ್ಪ ಬಂದು ನನ್ನ ಎಡಗಡೆಗೆ ಕೂತ. ಏಟಾದ ಮೇಲೆ ಮನೆಯಲ್ಲಿ ಯಾರೂ ಮಾತಿಗೆ ನನ್ನ ಎಡಕ್ಕೆ ಕೂರುತ್ತಿರಲಿಲ್ಲ. ಒಂದು ಮೈಸೂರು ಬಸ್ಸು ಎದುರಿಗೆ ಗುರುಗುಟ್ಟುತ್ತ ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ದೇವಸ್ಥಾನದಿಂದ ಬಂದ ಬೋಳುತಲೆಯ ಮಕ್ಕಳು ಬಾಳೆಹಣ್ಣಿನ ಗಾಡಿಯ ಸುತ್ತ ನಿಂತಿದ್ದರು.

ಅಪ್ಪ ಆ ಗಾಡಿಯ ಕಡೆ ನೋಡುತ್ತಲೇ, ತುಟಿ ಹೆಚ್ಚು ಅಲುಗದಂತೆ, ಯಾರಿಗೂ ಅಲ್ಲವೆಂಬಂತೆ ಹೇಳಿದ.

"ನಿಂದೇನೂ ತಪ್ಪಿರ್ಲಿಲ್ಲ ಕಣವ್ವ. ಆವತ್ತು ಸಂಜೇನೇ ಗೊತ್ತಾಯ್ತು ನಂಗೆ. ಬಾಯ್ಬುಟ್ಟು ಏಳಕ್ಕಾಗ್ಲಿಲ್ಲ. ನಿನ್ ಮೊಕ ನೋಡಕ್ಕೆ ನಾಚ್ಕೆ ಆಯ್ತದೆ."

ಮಾತು ಸಣ್ಣಗಿತ್ತು. ಆದರೂ ಒಂದಕ್ಷರ ಬಿಡದೆ ಕೇಳಿಸಿತು. ಎಡಗಿವಿಯಲ್ಲೇ ಕೇಳಿಸಿತು.

ನಾನು ತಿರುಗಲಿಲ್ಲ. ತಿರುಗಿದ್ದರೆ ಅವನು ಅಲ್ಲಿಂದ ಎದ್ದು ಎಲ್ಲಿಗೆ ಹೋಗುತ್ತಿದ್ದನೋ ಗೊತ್ತಿಲ್ಲ. ಬೋಳುತಲೆಯ ಹುಡುಗಿಯೊಬ್ಬಳು ಹಣ್ಣಿನ ಸಿಪ್ಪೆ ಎಲ್ಲಿ ಹಾಕುವುದೆಂದು ನೋಡುತ್ತಿದ್ದಳು. ನಾನು ಅವಳನ್ನೇ ನೋಡುತ್ತ, ಕಣ್ಣು ತುಂಬಿದ್ದು ಕೆಳಗೆ ಬೀಳದ ಹಾಗೆ ಇಟ್ಟುಕೊಂಡು, ಕಿವುಡಿಯಂತೆ ಕೂತೆ. ಎದುರಿನ ಬಸ್ಸು ಹೊರಟುಹೋಯಿತು. ಕಿವಿ ವಾಸಿಯಾದದ್ದನ್ನು ಮನೆಗೆ ಹೋಗಿ ಅವ್ವನಿಗೆ ಹೇಳಿದರಾಯಿತು, ಅದೂ ಇವತ್ತು ಬೇಡ, ನಾಳೆಯೋ ನಾಡಿದ್ದೋ, ಎಂದುಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ. ಎದ್ದು, ನನ್ನ ಮುಂದಿನಿಂದ ಹಾದು ಬಲಗಡೆಗೆ ಬಂದು, ಬಗ್ಗಿ, ಒಳ್ಳೆಯ ಕಿವಿಯ ಹತ್ತಿರ ಜೋರಾಗಿ ಕೇಳಿದ:

"ಬಾಳೆಹಣ್ಣು ತಿಂತೀಯೇನವ್ವ?"

"ತಿಂತೀನಪ್ಪ," ಅಂದೆ.